ತನ್ನ ಮೈಮೇಲೆ ತೋರಿಸುವವಳು

ಕಳೆದ ತಿಂಗಳು ಆಳಂದದಲ್ಲಿ ಆಕೆಯ ಬೀಳ್ಕೊಡುಗೆ ಇತ್ತು. ನನಗೂ ನಾಲ್ಕು ಮಾತಾಡಲು ಹೇಳಿದರು. ಮೈಕಿನ ಮುಂದೆ ನಿಂತು, "ಇವರ ಜೊತೆ ಕೆಲಸ ಮಾಡಿದ್ದು ನನ್ನ ಭಾಗ್ಯ" ಎಂದು ಹೇಳಿ ಬಂದು ಕುಳಿತೆ. ಸಭೆ ಚಪ್ಪಾಳೆ ತಟ್ಟಿತು, ಆಕೆ ಎದ್ದು ಬಂದು ನನ್ನನ್ನು ತಬ್ಬಿಕೊಂಡಳು. ನಾನು ಹೇಳಿದ್ದು ಸುಳ್ಳೇನಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಪೂರ್ತಿ ನಿಜ ಹೇಳುವುದಾದರೆ, ನನಗೆ ಆಕೆಯನ್ನು ಕಂಡರೆ ಹೊಟ್ಟೆಕಿಚ್ಚು. ಮೊದಲ ದಿನದಿಂದಲೂ ಇತ್ತು, ಈಗ ಆಕೆ ಬೀದರಿನ ತಂಗಿಯ ಮನೆ ಸೇರಿದ ಮೇಲೂ ಇದೆ.

ನಾನು ಅಫಜಲಪುರದಲ್ಲಿ ಕಾಲೇಜು ಹುಡುಗರಿಗೆ ಕನ್ನಡ ಕಲಿಸುವವಳು. ಆಕೆ ಆಳಂದದ ಆಸ್ಪತ್ರೆಯೊಂದರಲ್ಲಿ ಫಿಜಿಯೋಥೆರಪಿಸ್ಟ್. ಎಲ್ಲರಿಗೂ ಆಕೆ 'ಆಪಾ', ಅಂದರೆ ಅಕ್ಕ. ಆಕೆಗಿಂತ ಇಪ್ಪತ್ತು ವರ್ಷ ದೊಡ್ಡವರು ಕೂಡ ಆಪಾ ಎಂದೇ ಕರೆಯುತ್ತಿದ್ದರು. ನಾನೊಬ್ಬಳೇ 'ಮೇಡಂ' ಎನ್ನುತ್ತಿದ್ದೆ. ಎದುರಿಗೆ ಅಷ್ಟು ಕಾಲ ಬಹುವಚನ ಕೊಟ್ಟದ್ದು ಸಾಕಾಗಿದೆ, ಇಲ್ಲಿ ಏಕವಚನದಲ್ಲೇ ಬರೆಯುತ್ತೇನೆ.

ನಮ್ಮಿಬ್ಬರನ್ನು ಒಂದೇ ನೊಗಕ್ಕೆ ಕಟ್ಟಿದ್ದು ಒಂದು ಪ್ರಶ್ನಾವಳಿ. ವರ್ಷಗಟ್ಟಲೆ ಬಿಡದೆ ಕಾಡುವ ನೋವನ್ನು ಅಳೆಯುವುದಕ್ಕೆ ಬೇರೆ ದೇಶದವರು ಇಂಗ್ಲಿಷಿನಲ್ಲಿ ಮಾಡಿಕೊಂಡದ್ದು. ನೋವು ಎಲ್ಲಿ, ಎಂಥದ್ದು, ಸೊನ್ನೆಯಿಂದ ಹತ್ತರೊಳಗೆ ಎಷ್ಟು, ಅದರಿಂದ ಯಾವ ಕೆಲಸ ನಿಂತಿದೆ, ನಿದ್ದೆ ಎಷ್ಟು ಕೆಟ್ಟಿದೆ, ಹೀಗೆ. ಅದನ್ನು ನಮ್ಮ ಭಾಗದ ಜನರ ಕನ್ನಡಕ್ಕೆ ತರಬೇಕೆಂದು ಕಲಬುರಗಿಯ ಕೆಲವು ವೈದ್ಯರು ಸೇರಿ ಯೋಚಿಸಿದರು. ಅನುವಾದಕ್ಕೆ ನಾನು. ಅನುವಾದವನ್ನು ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ಹಳ್ಳಿಗಳಿಗೆ ಒಯ್ದು, ಜನರನ್ನು ಕೇಳಿ, ಅವರಿಗೆ ತಿಳಿಯುತ್ತದೋ ಇಲ್ಲವೋ ನೋಡುವುದಕ್ಕೆ ಆಕೆ. ಜೊತೆಗೆ ನಾನೂ ಹೋಗಬೇಕು, ತಿಳಿಯದ ಕಡೆ ತಿದ್ದಬೇಕು.

ಆಕೆ ಹೇಗಿದ್ದಳು ಎಂದರೆ, ಬಸ್ ಸ್ಟ್ಯಾಂಡಿನಲ್ಲಿ ಆಕೆ ಬರುವ ಮೊದಲೇ ಆಕೆಯ ನಗು ಬರುತ್ತಿತ್ತು. ಎತ್ತರದ ಆಳು, ತಲೆಯ ಮೇಲೆ ಪಿನ್ನು ಚುಚ್ಚಿದ ದುಪಟ್ಟಾ, ಕಾಲಲ್ಲಿ ಆಟಗಾರರ ಬಿಳಿ ಬೂಟು, ಕೈಯಲ್ಲಿ ಗಂಡಸರ ಗಡಿಯಾರ. ಆ ಗಡಿಯಾರದಿಂದ ಆಕೆಗಾಗಲಿ ನನಗಾಗಲಿ ಏನೂ ಉಪಯೋಗವಿರಲಿಲ್ಲ, ಹೇಳಿದ ಹೊತ್ತಿಗೆ ಒಂದು ದಿನವೂ ಬಂದವಳಲ್ಲ. ವೈದ್ಯರು ಕಳಿಸಿದ ಸೂಚನೆಗಳನ್ನು ಓದುತ್ತಿರಲಿಲ್ಲ. ನನ್ನ ಪೆನ್ನು ತೆಗೆದುಕೊಂಡರೆ ಅದು ಆಕೆಯ ಪರ್ಸಿನ ಪಾಲು. ಸೀಟು ಸಿಕ್ಕ ಕೂಡಲೇ ನನ್ನ ಭುಜದ ಮೇಲೆ ತಲೆಯಿಟ್ಟು ನಿದ್ದೆ ಹೊಡೆಯುತ್ತಿದ್ದಳು. ಯಾರ ಮನೆಗೆ ಹೋದರೂ ಮೊದಲು ಚಹಾ, ಅದೂ ಕಪ್ಪಿನಿಂದ ಬಶಿಗೆ ಸುರಿದುಕೊಂಡು ಸುರ್ ಎಂದು ಕುಡಿಯಬೇಕು. ಚಹಾ ಒಲ್ಲೆನೆಂದರೆ ನಮ್ಮ ಕಡೆ ಮನೆಯವರಿಗೆ ಅವಮಾನ ಮಾಡಿದ ಹಾಗೆ. ನನಗೆ ಆಸಿಡಿಟಿ, ಒಲ್ಲೆನೆನ್ನುತ್ತಿದ್ದೆ. ನನ್ನ ಪಾಲಿನದನ್ನೂ ಆಕೆಯೇ ಕುಡಿದು, "ನಮ್ಮ ಮೇಡಮ್ಮರಿಗೆ ಹೊಟ್ಟಿ ಸೂಕ್ಷ್ಮ ಅದರಿ" ಎಂದು ನನ್ನ ಪರವಾಗಿ ಕ್ಷಮೆ ಕೇಳುತ್ತಿದ್ದಳು. ಆ ಮನೆಯ ಹೆಂಗಸರು ನನ್ನತ್ತ ಅಯ್ಯೋ ಪಾಪ ಎಂದು ನೋಡುತ್ತಿದ್ದರು. ಅಲ್ಲಿಂದಲೇ ಶುರು ನನ್ನ ಸಂಕಟ.

ನನ್ನ ಅನುವಾದವನ್ನು ಮೊದಲ ಸಲ ಓದಿದ ದಿನ ಆಕೆ ಮಾಡಿದ್ದನ್ನು ನಾನು ಮರೆತಿಲ್ಲ. 'ಇರಿತದಂಥ ನೋವು' ಎಂದು ಬರೆದಿದ್ದೆ. ಒಂದು ವಾರ ತಲೆ ಕೆಡಿಸಿಕೊಂಡು ಆರಿಸಿದ ಮಾತು.

"ಇರಿತ ಅಂದ್ರ ಪೊಲೀಸ್ ಕೇಸ್ ಆಗ್ತದರಿ ಮೇಡಂ" ಎಂದು ಆಕೆ ನಕ್ಕಳು. "ಅವ್ರು ನೋವು ಬಿಟ್ಟು, ಇರಿದಾಂವ ಯಾರಂತ ಹೇಳಾಕ ಕುಂದರ್ತಾರ."

"ಮತ್ತೇನಂತ ಬರೀಬೇಕ್ರಿ?"

"ಚುಚ್ಚತದ ಅನ್ರಿ. ಸೂಜಿ ಎಲ್ಲಾರ ಮನ್ಯಾಗೂ ಅದ."

ಒಂದೇ ಉಸಿರಿಗೆ ಹೇಳಿ ಶೇಂಗಾ ಸುಲಿಯತೊಡಗಿದಳು. 'ಚುಚ್ಚಿದಂತೆ' ಎಂದು ತಿದ್ದಿಕೊಂಡೆ. ನಾನು ಕನ್ನಡದಲ್ಲಿ ಎಂ.ಎ. ಮಾಡಿದವಳು, ಆಕೆ ಮನೆಯಲ್ಲಿ ದಖನಿ ಮಾತಾಡುವವಳು. ಇದನ್ನು ನಾನು ಮನಸ್ಸಿನಲ್ಲಿ ಎಷ್ಟು ಸಲ ಹೇಳಿಕೊಂಡೆನೋ ಲೆಕ್ಕವಿಲ್ಲ. ಹೇಳಿಕೊಂಡಷ್ಟೂ ಉರಿ ಹೆಚ್ಚಾಯಿತೇ ಹೊರತು ಇಳಿಯಲಿಲ್ಲ.

ಮಾತುಗಳೇನೋ ಸರಿಹೋದವು, ಉತ್ತರಗಳು ಸಿಗಲಿಲ್ಲ. ನಮ್ಮ ಕಡೆಯ ಜನ ಹೇಗಿದ್ದೀರಿ ಎಂದು ಕೇಳಿದರೆ ಮೊದಲು ಹೇಳುವುದು 'ಆರಾಮ'. ಕಾಲು ಮುರಿದು ಮಂಚ ಹಿಡಿದವರೂ ಆರಾಮ ಅದೀವಿ ಎಂದೇ ಶುರು ಮಾಡುವುದು. ಬಂದವರ ಎದುರು ನೋವು ತೋಡಿಕೊಳ್ಳುವುದು ಮನೆತನಕ್ಕೆ ಲಕ್ಷಣವಲ್ಲ. ಸರಸಂಬಾದಲ್ಲಿ ಒಬ್ಬ ಒಕ್ಕಲಿಗ, ಬಾಗಿದ ಬೆನ್ನು ನೆಟ್ಟಗೆ ಮಾಡಲಾರದೆ ಗೋಡೆ ಹಿಡಿದು ಬಂದು ಕಟ್ಟೆಯ ಮೇಲೆ ಕೂತ.

"ಇವತ್ತು ನಿಮ್ಮ ನೋವು ಹತ್ತರೊಳಗ ಎಷ್ಟದ್ರಿ?" ಎಂದು ಕೇಳಿದೆ.

"ಆರಾಮ ಅದರಿ."

"ಹಂಗಲ್ರಿ. ಸೊನ್ನಿ ಅಂದ್ರ ಏನೂ ಇಲ್ಲ, ಹತ್ತು ಅಂದ್ರ ತಡಿಯಾಕ ಆಗಂಗಿಲ್ಲ. ನಿಮ್ದು ಎಷ್ಟು?"

ಆತ ನನ್ನ ಮುಖ ನೋಡಿ, ಬಹಳ ಮರ್ಯಾದೆಯಿಂದ, "ನಿಮಗೆಷ್ಟು ಬೇಕೋ ಅಷ್ಟು ಹಾಕ್ಕೋರಿ ಬಾಯಾರ" ಎಂದ.

ಇನ್ನು ಮೈಯ ಚಿತ್ರದ ಕಥೆ. ಮೂಲದಲ್ಲಿ ಒಂದು ಮನುಷ್ಯನ ಮೈಯ ಗೆರೆಚಿತ್ರವಿತ್ತು, ಮುಂದಿನಿಂದ ಒಂದು, ಹಿಂದಿನಿಂದ ಒಂದು. ನೋಯುವ ಕಡೆ ರೋಗಿಯೇ ಪೆನ್ನಿನಿಂದ ಗುರುತು ಹಾಕಬೇಕು. ನಾನು ಅದನ್ನೂ ಕನ್ನಡಕ್ಕೆ ತಂದೆ. ಅಂದರೆ ಹೆಂಗಸರಿಗೆಂದು ಬೇರೆ ಚಿತ್ರ ಬರೆಸಿ, ಅದಕ್ಕೆ ಇಲಕಲ್ಲ ಸೀರೆ ಉಡಿಸಿದೆ, ತುರುಬು ಹಾಕಿಸಿದೆ. ವೈದ್ಯರು ಭಲೇ ಎಂದರು. ಚೌಡಾಪುರದಲ್ಲಿ ಒಬ್ಬ ಮುದುಕಿಯ ಮುಂದೆ ಆ ಹಾಳೆ ಹಿಡಿದೆ. ಆಗಲೇ ಬೇರೊಬ್ಬರು ಗುರುತು ಹಾಕಿದ್ದ ಒಂದು ಹಾಳೆಯನ್ನೂ, ಹೀಗೆ ಮಾಡಿರಿ ಎಂದು ಮಾದರಿಗೆ ತೋರಿಸಿದೆ. ಟೊಂಕದ ಮೇಲೆ ಒಂದು ಕಾಟು, ಮೊಣಕಾಲಿನ ಮೇಲೆ ಎರಡು. ಮುದುಕಿ ಕುಳಿತಲ್ಲಿಂದ ಹಿಂದೆ ಸರಿದಳು.

"ಯಾರ ಹೆಸರಲೆ ಮಾಡೀರಿ ಇದನ್ನ?"

ನನಗೆ ಅರ್ಥವಾಗಲಿಲ್ಲ. ದತ್ತನ ಗಾಣಗಾಪುರಕ್ಕೆ ದಾರಿ ಒಡೆಯುವುದು ಅಲ್ಲಿಂದಲೇ. ಗಾಳಿ ಹಿಡಿದವರು, ಮಾಟ ಮಾಡಿಸಿಕೊಂಡವರು ದಿನಾ ಆ ರಸ್ತೆಯಲ್ಲೇ ಹೋಗುತ್ತಾರೆ. ಮುಖವಿಲ್ಲದ ಹೆಂಗಸಿನ ಚಿತ್ರ, ಅದರ ಮೈತುಂಬ ಕಪ್ಪು ಗುರುತು, ಮೇಲೆ ನೀನೂ ಒಂದು ಹಾಕು ಎಂದು ಪೆನ್ನು ಚಾಚುವ ಪರಊರಿನವಳು! ಮುದುಕಿ ಒಳಗೆ ಹೋಗಿ ಮುಷ್ಟಿಯಲ್ಲಿ ಉಪ್ಪು ಮೆಣಸಿನಕಾಯಿ ತಂದು ನನಗೆ ನಿವಾಳಿಸಿ ಅಂಗಳಕ್ಕೆ ಒಗೆದಳು. ನನಗೆ ದೃಷ್ಟಿ ತೆಗೆದದ್ದೋ, ನನ್ನಿಂದ ತನ್ನ ಮನೆಯನ್ನು ಕಾಪಾಡಿಕೊಂಡದ್ದೋ ಆಕೆಗೇ ಗೊತ್ತು.

"ಚಿತ್ರ ಚಂದ ಅದರಿ ಮೇಡಂ, ಸೀರೀನೂ ಚಂದ ಅದ" ಎಂದಳು ನಮ್ಮ ಆಪಾ, ನಗು ತಡೆದುಕೊಂಡು. "ಆದ್ರ ಇದಕ ಮಾರಿ ಇಲ್ಲ. ಮಾರಿ ಇಲ್ದವ್ರು ಈ ಊರಾಗ ಅಂದ್ರ ದೆವ್ವನ ಮತ್ತ." ಹಾಳೆ ಕಸಿದು ತಾನೇ ಅದರ ಮೇಲೆ ಕುಳಿತಳು. ಬಳಿಕ ಮುದುಕಿಯ ಎದುರು ಸರಿದು, ತನ್ನ ಟೊಂಕದ ಮೇಲೆ ತಾನೇ ಕೈ ಒತ್ತಿ, ಮುಖ ಕಿವುಚಿ, "ಇಲ್ಲೇನವಾ? ಇಲ್ಲಿ ಹಿಡೀತದೇನು?" ಎಂದಳು.

ಇನ್ನೊಬ್ಬರ ನೋವನ್ನು ತನ್ನ ಮೈಮೇಲೆ ತೋರಿಸಬಾರದು ಎಂಬುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ತೋರಿಸಿದಲ್ಲಿ ಅದು ಬಂದು ಕೂಡುತ್ತದೆ. ಮುದುಕಿ ಸಿಟ್ಟು, ಭಯ ಎಲ್ಲ ಮರೆತು ಚಂಗನೆ ಮುಂದೆ ಬಾಗಿ ಆಕೆಯ ಕೈ ಹಿಡಿದು ಎಳೆದಳು. "ಏ ಹುಚ್ಚಿ, ನಿನ್ನ ಮೈಮ್ಯಾಲ ತೋರಿಸಬ್ಯಾಡಬೇ! ಮಕ್ಕಳೊಂದಿಗಳು ನೀ. ಥೂ ಥೂ ಅನ್ನು ಮದಲ." ಎಳೆದ ಕೈಯನ್ನು ತನ್ನ ಟೊಂಕಕ್ಕೆ ಒತ್ತಿಕೊಂಡು, "ಇಲ್ಲದ ನೋಡು, ಇಲ್ಲಿ. ಇಲ್ಲಿಂದ ಇಳದು ಹಿಮ್ಮಡಕ ಹೋಗ್ತದ" ಎಂದಳು. ಆಮೇಲೆ ಒಂದು ತಾಸು ಮುದುಕಿಯ ಬಾಯಿಗೆ ಬಿಡುವಿರಲಿಲ್ಲ. ಸೊನ್ನೆಯಿಂದ ಹತ್ತರ ಲೆಕ್ಕವನ್ನೂ ಕೊಟ್ಟಳು, ಕೇಳದೆ ಇದ್ದ ಸೊಸೆಯ ಲೆಕ್ಕವನ್ನೂ ಕೊಟ್ಟಳು.

ಅಂದಿನಿಂದ ಅದೇ ಆಕೆಯ ದಾರಿಯಾಯಿತು. ಗಂಡಸರ ಎದುರು ಭುಜ, ಮೊಣಕಾಲು, ಹೆಂಗಸರ ಎದುರು ಬೆನ್ನು, ಟೊಂಕ, ಪಕ್ಕೆ. ಆಕೆ ತನ್ನ ಮೈ ಮುಟ್ಟಿಕೊಳ್ಳುವುದು, ಎದುರಿನವರು ಹಾಹಾ ಎಂದು ಕೈ ಹಿಡಿದು ಎಳೆಯುವುದು, ಎಳೆದು ತಮ್ಮ ನೋವಿನ ಮೇಲೆ ಇಟ್ಟುಕೊಳ್ಳುವುದು. ನನಗೆ ಅದು ಬಯಲಾಟದಂತೆ ಕಾಣುತ್ತಿತ್ತು. ಇಷ್ಟು ಸುಲಭದ್ದಕ್ಕೆ ಇಷ್ಟೇಕೆ ಮೆರೆಯುತ್ತಾಳೆ ಎಂದುಕೊಂಡು, ಜಿಡಗಾದಲ್ಲಿ ಮಠದ ಹಿಂದಿನ ಓಣಿಯ ಒಬ್ಬ ಗೃಹಿಣಿಯ ಎದುರು ನಾನೂ ನನ್ನ ಕುತ್ತಿಗೆ ಹಿಡಿದು, "ಇಲ್ಲೇನ್ರಿ?" ಎಂದೆ. ಆಕೆ ನನ್ನನ್ನು ಕನಿಕರದಿಂದ ನೋಡಿದಳು. "ಅಯ್ಯ, ನಿಮಗೂ ಕುತ್ತಿಗಿ ಬ್ಯಾನಿ ಅದೇನ್ರಿ ಬಾಯಾರ?" ಎಂದು ಒಳಗಿನಿಂದ ಎಣ್ಣೆ ಬಿಸಿ ಮಾಡಿ ತಂದಳು. ಬೇಡವೆಂದರೂ ಬಿಡದೆ ತಿಕ್ಕಿದಳು. ನಮ್ಮ ಆಪಾ ಬಾಗಿಲಿಗೆ ಒರಗಿ ಬಶಿಯ ಚಹಾ ಕುಡಿಯುತ್ತ ಅದನ್ನು ನೋಡಿದಳು. ಕುಣಿಯಲಾರದವಳು ನೆಲ ಡೊಂಕು ಅನ್ನುವಂತೆ, ಆ ಹೆಂಗಸಿಗೆ ಕಿವಿ ಮಂದ ಎಂದು ನಾನು ಬಸ್ಸಿನಲ್ಲಿ ವಾದಿಸಿದೆ.

ಕೊನೆಗೆ ಪ್ರಶ್ನೆ ಕೇಳುವವರಿಗೆ ಸೂಚನೆ ಬರೆಯುವ ಪುಟ ಬಂದಾಗ, 'ಕೇಳುವವರು ಮೊದಲು ತಮ್ಮ ಮೈಮೇಲೆ ಮುಟ್ಟಿ ತೋರಿಸಬೇಕು' ಎಂದು ನಾನೇ ಬರೆಯಬೇಕಾಯಿತು. ಇಡೀ ಪ್ರಶ್ನಾವಳಿಯಲ್ಲಿ ವೈದ್ಯರು ಮೆಚ್ಚಿದ ವಾಕ್ಯ ಅದೊಂದೇ.

ಇದೆಲ್ಲ ಕೆಲಸದ ಮಾತು, ನುಂಗಿಕೊಳ್ಳಬಹುದಿತ್ತು. ನುಂಗಲಾರದ್ದು ನಮ್ಮ ಮನೆಯಲ್ಲೇ ನಡೆಯಿತು.

ಅಪ್ಪ ತೀರಿಕೊಂಡ ಮೇಲೆ ಅವ್ವ ನನ್ನ ಜೊತೆ ಅಫಜಲಪುರದಲ್ಲೇ ಇದ್ದಾಳೆ. ಎರಡು ವರ್ಷದಿಂದ ಆಕೆ ನೆಲದ ಮೇಲೆ ಕೂಡುವುದನ್ನು ಬಿಟ್ಟಿದ್ದಳು. ಇಷ್ಟಲಿಂಗ ಪೂಜೆಗೂ ಸ್ಟೂಲು. ರೊಟ್ಟಿ ಬಡಿಯುವುದನ್ನು ಬಿಟ್ಟಳು, ಹಿಟ್ಟು ಸರಿಯಿಲ್ಲ ಎಂದಳು. ಪುರಾಣ ಕೇಳಲು ಹೋಗುವುದನ್ನು ಬಿಟ್ಟಳು, ಹೇಳುವವರು ಸರಿಯಿಲ್ಲ ಎಂದಳು. ನಾನು ದಿನಾ ಬೆಳಿಗ್ಗೆ, "ಹೆಂಗದೀಯವ್ವಾ?" ಎನ್ನುತ್ತಿದ್ದೆ. "ಆರಾಮ ಅದೀನಿ. ನೀ ಕಾಲೇಜಿಗೆ ನಡಿ." ಅಷ್ಟೇ. ದವಾಖಾನೆ ಎಂದರೆ ಸಿಟ್ಟು. ಮೂರು ತಾಲೂಕಿನ ಜನರ ನೋವು ಕೇಳಿಕೊಂಡು ತಿರುಗುವ ನನಗೆ ಮನೆಯೊಳಗಿನ ಒಬ್ಬಳ ಬಾಯಿ ಬಿಡಿಸಲು ಆಗುತ್ತಿರಲಿಲ್ಲ. ಅವ್ವ ನನಗೆ ಹೇಳಬೇಕು, ನನಗೇ ಹೇಳಬೇಕು. ನನಗೆ ಬೇಕಾಗಿದ್ದದ್ದು ಅದೊಂದೇ.

ಒಂದು ರವಿವಾರ ಕೊನೆಯ ತಿದ್ದುಪಡಿಗೆಂದು ಆಪಾ ನಮ್ಮ ಮನೆಗೆ ಬಂದಳು. ನಾನು ಚಹಾ ಇಡಲು ಒಳಗೆ ಹೋದೆ. ಹಾಲು ಉಕ್ಕುವಷ್ಟು ಹೊತ್ತು, ಅಷ್ಟೇ. ಕಪ್ಪು-ಬಶಿ ಹಿಡಿದು ಬಾಗಿಲಿಗೆ ಬಂದಾಗ ಅವ್ವನ ದನಿ ಕೇಳಿಸಿತು.

"ರಾತ್ರಿ ಮಗ್ಗಲಾ ಬದಲ ಮಾಡಾಕ ಬರಂಗಿಲ್ಲ ಯವ್ವಾ. ಸೆರಗ ಬಾಯಾಗ ತುರುಕ್ಕೊಂಡು ಹೊಳ್ಳತೇನಿ. ಮಗಳು ಬಾಜೂ ಖೋಲ್ಯಾಗ ಮಲಗಿರ್ತಾಳ. ದಣದ ಬಂದಿರ್ತಾಳ, ಎಚ್ಚರಾದೀತು ಅಂತ. ಆಕಿಗೆ ಹೇಳಬ್ಯಾಡ ಮತ್ತ."

ಆಪಾನ ಕೈ ಅವ್ವನ ಟೊಂಕದ ಮೇಲಿತ್ತು. ಅವ್ವ ಆ ಕೈಯ ಮೇಲೆ ತನ್ನ ಕೈ ಇಟ್ಟುಕೊಂಡಿದ್ದಳು.

ನನಗೆ ಆಗ ದುಃಖವಾಗಬೇಕಿತ್ತು. ಆಗಲಿಲ್ಲ ಎಂದಲ್ಲ, ಆಮೇಲೆ ಆಯಿತು. ಮೊದಲು ಆದದ್ದು ಹೊಟ್ಟೆಕಿಚ್ಚು. ನನ್ನನ್ನು ಕರೆಯುವ ಹಾಗೆ ಆಕೆಯನ್ನೂ 'ಯವ್ವಾ' ಎಂದು ಕರೆದಳಲ್ಲ! ಎರಡು ವರ್ಷ ನಾನು ಬಡಿದ ಬಾಗಿಲನ್ನು, ನನ್ನ ಪೆನ್ನು ಕದಿಯುವ ಈ ಹೆಂಗಸಿಗೆ ತೆರೆದು ಒಳಗೆ ಕರೆದು ಕೂಡಿಸಿದಳಲ್ಲ! ಹತ್ತರೊಳಗೆ ಎಷ್ಟು ಎಂದು ಯಾರಾದರೂ ಆಗ ನನ್ನನ್ನು ಕೇಳಿದ್ದರೆ ಹಿಂದೆಮುಂದೆ ನೋಡದೆ ಹತ್ತು ಎನ್ನುತ್ತಿದ್ದೆ. ಬೇಕೆಂದೇ ಬಶಿಗಳ ಸದ್ದು ಮಾಡಿ ಒಳಗೆ ಹೋದೆ. ಇಬ್ಬರೂ ಕೈ ತೆಗೆದರು. "ಹಿಟ್ಟಿನ ಮಾತ ಆಡಾಕತ್ತಿದ್ದಿವಿ" ಎಂದಳು ಅವ್ವ.

ಆಕೆಯನ್ನು ಬಸ್ಸಿಗೆ ಬಿಡಲು ಹೋದಾಗ ಕೇಳಿಯೇಬಿಟ್ಟೆ. "ನಮ್ಮವ್ವ ಏನಂದ್ಲು?"

"ಅದನ್ನ ನಿಮ್ಮವ್ವನ್ನ ಕೇಳ್ರಿ ಮೇಡಂ."

"ನನಗ ಹೇಳಂಗಿಲ್ಲ ಆಕಿ."

ಅವತ್ತೇ ಮೊದಲ ಸಲ ಆಕೆಯ ಮುಖದಲ್ಲಿ ನಗುವಿರಲಿಲ್ಲ. "ನಮ್ಮ ಅಮ್ಮೀನೂ ನನಗ ಹೇಳಿಲ್ರಿ. ನಾ ಇದೇ ಕೆಲಸ ಕಲತಾಕಿ, ಊರ ಮಂದಿ ಬೆನ್ನ ತಿಕ್ಕಾಕಿ. ಆಕಿ ತನ್ನ ದರ್ದ್ ಎಲ್ಲಾ ಬಾಜೂ ಮನಿ ಗೌಡಶ್ಯಾನಿಗೆ ಹೇಳ್ಯಾಳ. ಸತ್ತ ಮ್ಯಾಲ ಗೌಡಶ್ಯಾನಿ ಬಂದು ನನ್ನ ಮುಂದ ಕುಂತು ಅತ್ಲು, 'ಭಾಳ ತ್ರಾಸ ತಗೊಂಡ್ಲು ನಿಮ್ಮವ್ವ' ಅಂತ. ನನಗ ಗೊತ್ತಿಲ್ಲ, ಆಕಿಗೆ ಗೊತ್ತದ! ಇನ್ನತನ ಆ ಗೌಡಶ್ಯಾನಿ ಜೋಡಿ ಮಾತಾಡಂಗಿಲ್ಲ ನಾ. ಆಕಿ ಏನ್ ತಪ್ಪ ಮಾಡ್ಯಾಳ? ಏನಿಲ್ಲ. ಆದ್ರೂ ಮಾತಾಡಂಗಿಲ್ಲ."

ಬಸ್ಸು ಬಂತು. ಹತ್ತುವ ಮೊದಲು, "ನೀವು ನನ್ನ ಜೋಡಿ ಮಾತು ಬಿಡಬ್ಯಾಡ್ರಿ" ಎಂದು ಮತ್ತೆ ನಕ್ಕಳು. ನನ್ನ ಹೊಟ್ಟೆಯಲ್ಲಿ ಏನು ಬೇಯುತ್ತಿದೆ ಎಂದು ಆಕೆಗೆ ಮೊದಲಿನಿಂದಲೂ ಗೊತ್ತಿತ್ತು. ನನ್ನದು ಎಲ್ಲಿ ನೋಯುತ್ತದೆ ಎಂದು ನೋಡಲು ಆಕೆಗೆ ಕೈ ಹಚ್ಚುವ ಅಗತ್ಯವೂ ಬೀಳಲಿಲ್ಲ. ಅದಕ್ಕೂ ಸಿಟ್ಟು ಬಂತು.

ಅಂದಿನಿಂದ ರವಿವಾರ ಬಿಡುವಾದಾಗಲೆಲ್ಲ ಆಕೆ ನಮ್ಮ ಮನೆಗೆ ಬರತೊಡಗಿದಳು. ಅವ್ವ ಖೋಲಿಯ ಬಾಗಿಲು ಮುಂದೆ ಮಾಡಿಕೊಳ್ಳುತ್ತಿದ್ದಳು. ಒಳಗೆ ಕಾಲು ಎತ್ತುವುದು, ಇಳಿಸುವುದು, ನಗು, ಪಿಸುಮಾತು. "ಮಾತಾಡ್ಸಾಕ ಬಂದಾಳ ಪಾಪ" ಎಂದು ಅವ್ವ ನನಗೆ ಹೇಳುವುದು, ನಾನು ನಂಬಿದಂತೆ ತಲೆಯಾಡಿಸುವುದು. ಆಕೆ ಅವ್ವನನ್ನು ಒಪ್ಪಿಸಿ ಕಲಬುರಗಿಗೆ ಒಯ್ದು ಎಕ್ಸರೇ ತೆಗೆಸಿಕೊಂಡೂ ಬಂದಳು. ತನಗೆ ಬಳೆ ಕೊಳ್ಳಲು ಜೊತೆ ಬೇಕು ಎಂದು ನನಗೆ ಸುಳ್ಳು ಹೇಳಿದಳು, ಬರುವಾಗ ನೆನಪಿಟ್ಟು ಬಳೆಯನ್ನೂ ತಂದಳು. ಅವ್ವ ಮತ್ತೆ ರೊಟ್ಟಿ ಬಡಿಯಲು ಕುಳಿತಳು, ನಾಲ್ಕು ಬಡಿದು ಏಳುವಳು. ಆಪಾ ಬರುವ ದಿನ ಮಾತ್ರ ಆರು. ನಾನು ಎಣಿಸುತ್ತಿರಲಿಲ್ಲ, ಕಣ್ಣಿಗೆ ಬೀಳುತ್ತಿತ್ತು.

ಈಗ ಆಕೆ ನಿವೃತ್ತಳಾಗಿ ಬೀದರಿಗೆ ಹೋಗಿದ್ದಾಳೆ. ನಿಜ ಹೇಳಲೇ? ಬೀಳ್ಕೊಡುಗೆಯಲ್ಲಿ ತಬ್ಬಿಕೊಂಡಾಗ ನನಗೆ ಒಳಗೊಳಗೇ ಹಗುರವಾಗಿತ್ತು. ಇನ್ನು ನಮ್ಮ ಮನೆಯಲ್ಲಿ ನಾವಿಬ್ಬರೇ ಎಂದುಕೊಂಡೆ.

ಮೊನ್ನೆ ರವಿವಾರ ಅವ್ವ ಎಂದಿನಂತೆ ಖೋಲಿಯಲ್ಲಿ ಮಂಚದ ಮೇಲೆ ದಪ್ಪ ಕೌದಿ ಹಾಸಿ, ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಬರುವವರು ಯಾರೂ ಇಲ್ಲ ಎಂದು ಆಕೆಗೂ ಗೊತ್ತಿತ್ತು. ನಾನು ಚಹಾ ತಂದು ಎದುರು ಕುಳಿತೆ. ನನ್ನದನ್ನೂ ಬಶಿಗೆ ಸುರಿದುಕೊಂಡೆ.

"ಹೆಂಗದೀಯವ್ವಾ?"

"ಆರಾಮ ಅದೀನಿ."

ಚಹಾ ಮುಗಿಯಿತು. ಜಿಡಗಾದ ಎಣ್ಣೆ ನೆನಪಾಗಿ ನಾಚಿಕೆಯಾಯಿತು, ಆದರೂ ನನ್ನ ಟೊಂಕದ ಕೆಳಗೆ, ತೊಡೆ ಕೂಡುವಲ್ಲಿ ಕೈ ಒತ್ತಿದೆ. "ಇಲ್ಲೇನವ್ವಾ?" ಎಂದೆ.

ಅವ್ವನ ಕೈ ಎಷ್ಟು ಬೇಗ ಬಂತೆಂದರೆ ನನ್ನ ಮಡಿಲಲ್ಲಿದ್ದ ಬಶಿ ನೆಲಕ್ಕೆ ಬಿತ್ತು. "ನಿನ್ನ ಮೈಮ್ಯಾಲ ಯಾಕ ತೋರಿಸ್ತೀ ಹುಚ್ಚಿ!" ಎಂದು ಗದರಿ ನನ್ನ ಮುಂಗೈ ಹಿಡಿದು ಎಳೆದಳು. ಎಳೆದವಳು ಬಿಡಲಿಲ್ಲ. ನನ್ನ ಮುಖ ನೋಡಿದಳು, ಆಮೇಲೆ ಅದನ್ನು ಒಯ್ದು ತನ್ನ ಸೀರೆಯ ನಿರಿಗೆಯ ಪಕ್ಕದಲ್ಲಿ ಒತ್ತಿಕೊಂಡಳು.

"ಇಲ್ಲಿ" ಎಂದಳು.

ಕೈಯ ಕೆಳಗೆ ಆಕೆಯ ಎಲುಬು ಸಿಕ್ಕಿತು. ನಾನು ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಅವ್ವ ನಿಟ್ಟುಸಿರು ಬಿಟ್ಟಳು.

"ಆಕಿ ಕೈ ಬೆಚ್ಚಗಿರ್ತಿತ್ತು. ನಿಂದು ಥಣ್ಣಗ ಅದ."

"ಜರಾ ತಡೀಯವ್ವಾ" ಎಂದೆ. "ಬೆಚ್ಚಗಾಗ್ತದ."